ಮೊಲ ಮಲಗಿದೆ

ಸ್ಟುಡಿಯೋದ ಹಿಂದಿನ ಕೋಣೆ,
ಜೂನ್ ೯, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಹೋದ ಪತ್ರದಲ್ಲಿ ‘ಪರವಾಗಿಲ್ಲ’ ಎಂದು ಒಂದೇ ಪದ ಬರೆದು ಮುಗಿಸಿದ್ದೀಯ. ನಿನ್ನ ಪರವಾಗಿಲ್ಲ ಎಂಥದ್ದೆಂದು ನನಗೆ ಗೊತ್ತು. ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಅದೇ ಪದ ಬರೆದವಳು ನೀನು. ಲ್ಯಾಬಿನಲ್ಲಿ ದಿನವಿಡೀ ನಿಂತೇ ಕೆಲಸ ಮಾಡಬೇಡ, ನಾಚಿಕೆ ಬಿಟ್ಟು ಒಂದು ಎತ್ತರದ ಸ್ಟೂಲು ಕೇಳಿ ಹಾಕಿಸಿಕೋ. ಊರವರೆಲ್ಲ ಕುಡಿಯುವ ನೀರನ್ನು ಪರೀಕ್ಷೆ ಮಾಡಿ ಸಹಿ ಹಾಕುವವಳು ತಾನು ಮಾತ್ರ ಹೊತ್ತಿಗೆ ಸರಿಯಾಗಿ ನೀರು ಕುಡಿಯುವುದಿಲ್ಲ ಎಂದು ಅಮ್ಮ ಇಲ್ಲಿ ಗೊಣಗುತ್ತಿರುತ್ತಾಳೆ. ಗೊಣಗುವುದಕ್ಕೆ ಅವಳಿಗೆ ನೀನು ಎದುರಿಗೆ ಇರಲೇಬೇಕೆಂದಿಲ್ಲ, ನಾನಿದ್ದೇನಲ್ಲ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮನಿಗೆ ಎಡಗಿವಿ ಇನ್ನಷ್ಟು ಮಂದವಾಗಿದೆ, ಆದರೆ ತನಗೆ ಬೇಕಾದ ಮಾತು ಮೂರು ಕೋಣೆ ಆಚೆಯಿಂದಲೂ ಕೇಳಿಸುತ್ತದೆ. ನನ್ನವಳ ಟೈಪಿಂಗ್ ಕ್ಲಾಸು ಮಹಡಿ ಮೇಲೆ ಎಂದಿನಂತೆ ನಡೆದಿದೆ. ಈ ಸಾಲು ಬರೆಯುವಾಗಲೂ ತಲೆಯ ಮೇಲೆ ಹತ್ತಾರು ಜನ ಒಟ್ಟಿಗೆ ಟಕಟಕ ಕುಟ್ಟುತ್ತಿದ್ದಾರೆ, ನಡುವೆ ಅವಳ ಗದರಿಕೆ. ನನ್ನ ವ್ಯಾಪಾರದ ವಿಷಯ ಕೇಳಬೇಡ. ಕಲರ್ ಫಿಲ್ಮೆಲ್ಲ ಮಶೀನು ಇಟ್ಟಿರುವ ದೊಡ್ಡ ಅಂಗಡಿಗೆ ಹೋಗುತ್ತದೆ, ನನಗೆ ಉಳಿದದ್ದು ಅರ್ಜಿಗೆ ಅಂಟಿಸುವ ಮುಖಗಳು. ಒಬ್ಬರೂ ನಗುವುದಿಲ್ಲ. ನಗಿ ಎಂದರೆ, ಅರ್ಜಿಗೆ ನಗಬಹುದಾ ಎಂದು ನನ್ನನ್ನೇ ಕೇಳುತ್ತಾರೆ. ಆದರೂ ಕತ್ತಲೆ ಕೋಣೆಯನ್ನು ಮುಚ್ಚಿಲ್ಲ. ಅಪ್ಪನ ಕೆಂಪು ಬಲ್ಬು, ಅಪ್ಪನ ಮೂರು ತಟ್ಟೆಗಳು, ಮೂಲೆಯ ಕಲ್ಲಿನ ತೊಟ್ಟಿ ಎಲ್ಲವೂ ಹಾಗೆಯೇ ಇವೆ. ಬಾಗಿಲು ತೆಗೆದ ಕೂಡಲೇ ಮೂಗಿಗೆ ಹೊಡೆಯುವ ಆ ಹುಳಿ ವಾಸನೆಯೂ ಇದೆ. ನೀನು ಬಂದರೆ ಕಣ್ಣು ಮುಚ್ಚಿಕೊಂಡೇ ಓಡಾಡಬಹುದು.

ನಮ್ಮ ಪಿಟೀಲಿನ ವಿಷಯಕ್ಕೆ ಬರುತ್ತೇನೆ. ತೊಟ್ಟಿಲಲ್ಲಿ ಅವಳು ಎಳೆದ ರಾಗ ಕೇಳಿ ನೀನು ಇಟ್ಟ ಹೆಸರು ಗಟ್ಟಿಯಾಗಿ ಅಂಟಿಕೊಂಡುಬಿಟ್ಟಿದೆ. ಈಗ ಅವಳ ಗೆಳತಿಯರೂ ಹಾಗೇ ಕರೆಯುತ್ತಾರೆ, ಅವಳೂ ತಿರುಗಿ ನೋಡುತ್ತಾಳೆ. ನನ್ನ ಮಗಳು ಎಷ್ಟು ಎತ್ತರವಾಗಿದ್ದಾಳೆಂದರೆ ಕತ್ತಲೆ ಕೋಣೆಯ ಹಗ್ಗಕ್ಕೆ ಫೋಟೋ ಒಣಹಾಕಲು ಅವಳಿಗೆ ಸ್ಟೂಲು ಬೇಡ. ಹತ್ತನೇ ತರಗತಿ ಪಾಸಾದದ್ದು ಹಿಂದಿನ ಪತ್ರದಲ್ಲೇ ಬರೆದಿದ್ದೆ. ಈಗ ಮುಂದಿನದು. ಹನ್ನೊಂದನೇ ತರಗತಿಗೆ ವಿಜ್ಞಾನವನ್ನೇ ತೆಗೆದುಕೊಂಡಿದ್ದಾಳೆ. ಭೌತಶಾಸ್ತ್ರ, ಗಣಿತ ಎಲ್ಲರಿಗೂ ಇದ್ದದ್ದೇ. ಮೂರನೆಯದಾಗಿ ರಸಾಯನಶಾಸ್ತ್ರ, ಇಲ್ಲವೇ ಜೀವಶಾಸ್ತ್ರ, ಇಲ್ಲವೇ ಈ ವರ್ಷ ಹೊಸದಾಗಿ ಬಂದಿರುವ ಕಂಪ್ಯೂಟರ್, ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ತಿಂಗಳ ಕೊನೆಯವರೆಗೆ ಯೋಚನೆ ಮಾಡಲು ಬಿಟ್ಟಿದ್ದಾರೆ. ಒಮ್ಮೆ ಬರೆದುಕೊಟ್ಟರೆ ಎರಡು ವರ್ಷ ಬದಲಾಯಿಸುವ ಹಾಗಿಲ್ಲ. ಆಮೇಲೆ ಕಾಲೇಜಿನಲ್ಲೂ ಅದೇ ದಾರಿ.

ಇದನ್ನು ಬರೆಯುವಾಗ ನೀನು ವಿಷಯ ಆರಿಸಿದ ಸಂಜೆ ಕಣ್ಣಿಗೆ ಕಟ್ಟುತ್ತಿದೆ. ನಾನಿನ್ನೂ ಸಣ್ಣವನು, ಮೇಜಿನ ಕೆಳಗೆ ಕೂತು ಖಾಲಿ ಫಿಲ್ಮ್ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದೆ. ನೀನು ರಸಾಯನಶಾಸ್ತ್ರ ಎಂದೆ. ಅಪ್ಪ ಕನ್ನಡಕ ಒರೆಸುತ್ತಾ, ‘ಅದು ನಮ್ಮ ಕತ್ತಲೆ ಕೋಣೇಲೇ ಇದೆಯಲ್ಲಮ್ಮ, ಅದಕ್ಕೆ ಶಾಲೆಗೆ ಯಾಕೆ ಹೋಗ್ಬೇಕು’ ಎಂದರು. ನೀನು ಬಿಡಲಿಲ್ಲ. ಬಿಳಿ ಕಾಗದ ನೀರಿನೊಳಗೆ ಮುಳುಗಿದ ಮೇಲೆ ಮುಖ ಎಲ್ಲಿಂದ ಬರುತ್ತದೆ, ಹೇಳಿ ನೋಡೋಣ ಎಂದು ಅವರನ್ನೇ ಪಾಟೀಸವಾಲಿಗೆ ನಿಲ್ಲಿಸಿದೆ. ಅಪ್ಪನಿಗೆ ಆ ಕೆಲಸದಲ್ಲಿ ಎತ್ತಿದ ಕೈ. ಡೆವಲಪರನ್ನು ಮೂಸಿಯೇ ಇನ್ನೂ ಎಷ್ಟು ದಿನ ಬಾಳುತ್ತದೆ ಎಂದು ಹೇಳುತ್ತಿದ್ದರು. ಆದರೆ ಮುಖ ಯಾಕೆ ಬರುತ್ತದೆ ಎಂದರೆ, ‘ಬರತ್ತೆ ಅಷ್ಟೆ’ ಎನ್ನುವುದಕ್ಕಿಂತ ಹೆಚ್ಚು ಅವರಿಗೆ ತಿಳಿದಿರಲಿಲ್ಲ. ಆವತ್ತು ಕನ್ನಡಕ ಮತ್ತೆ ಹಾಕಿಕೊಂಡು, ‘ಹಾಗಾದ್ರೆ ಓದ್ಕೊಂಡು ಬಂದು ನನಗೂ ಹೇಳು’ ಎಂದರು. ನಿನ್ನ ವಿಷಯದ ಆಯ್ಕೆ ಅಷ್ಟರಲ್ಲೇ ಮುಗಿಯಿತು. ನನ್ನದು ನಿನಗೆ ಗೊತ್ತೇ ಇದೆ. ನಿನ್ನ ಬಾಲ ಹಿಡಿದುಕೊಂಡು ವಿಜ್ಞಾನ ಸೇರಿ, ಮೇಜಿನ ಮೇಲೆ ಕಪ್ಪೆಯನ್ನು ಅಂಗಾತ ಮಲಗಿಸಿದ ದಿನವೇ ತಲೆ ತಿರುಗಿ ಬಿದ್ದು, ಎದ್ದವನು ನೇರವಾಗಿ ಸ್ಟುಡಿಯೋಕ್ಕೆ ಬಂದು ಸೇರಿಕೊಂಡೆ. ಕಪ್ಪೆಗಿಂತ ಮೊದಲು ನಾನೇ ಅಂಗಾತ ಬಿದ್ದೆನೆಂದು ನೀನು ಎಷ್ಟು ವರ್ಷ ಆಡಿಕೊಂಡು ನಗಲಿಲ್ಲ.

ಆಮೇಲೆ ಆ ಫೋಟೋ. ನೀನು ಹನ್ನೊಂದನೇ ತರಗತಿಗೆ ಸೇರಿದ ಹೊಸತರಲ್ಲಿ ಅಪ್ಪ ದೊಡ್ಡ ಕ್ಯಾಮೆರಾ ಹೊತ್ತುಕೊಂಡು ಶಾಲೆಯ ಲ್ಯಾಬಿಗೇ ಬಂದು ತೆಗೆದದ್ದು. ಬಿಳಿ ಕೋಟು ಹಾಕಿಕೊಂಡು, ಪ್ರನಾಳವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಜಗತ್ತಿನ ಗುಟ್ಟೆಲ್ಲ ಅದರೊಳಗೇ ಇದೆ ಎನ್ನುವ ಹಾಗೆ ನೋಡುತ್ತಿದ್ದೀಯ. ಅಷ್ಟು ದೊಡ್ಡದಾಗಿ ಪ್ರಿಂಟು ಹಾಕಿ, ಕಟ್ಟು ಹಾಕಿಸಿ, ಬೀದಿಗೆ ಕಾಣುವಂತೆ ಅಂಗಡಿಯ ಗಾಜಿನೊಳಗೆ ನಿಲ್ಲಿಸಿದಾಗ ನೀನು ಬಂದು ನೋಡಿ ಸೊಂಟದ ಮೇಲೆ ಕೈ ಇಟ್ಟುಕೊಂಡೆ. ಬಲಗೈಯಲ್ಲಿ ಹಿಡಿದಿದ್ದ ಪ್ರನಾಳ ಎಡಗೈಗೆ ಹೋಗಿತ್ತು. ಕೋಟಿನ ಜೇಬು ಬಲಗಡೆಗೆ ಬಂದಿತ್ತು. ನೆಗೆಟಿವನ್ನು ಮಗುಚಿ ಇಟ್ಟು ಪ್ರಿಂಟು ಹಾಕಿದರೆ ಹೀಗೆ ಎಡಬಲ ಅದಲುಬದಲಾಗುತ್ತದೆ ಎಂದು ಸ್ಟುಡಿಯೋದ ಮನೆಯಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ‘ಅಪ್ಪಾ, ಇದು ನಾನಲ್ಲ, ಕನ್ನಡಿಯೊಳಗಿನವಳು’ ಎಂದೆ. ಅಪ್ಪ ತಲೆ ಎತ್ತದೆ, ‘ಚೆನ್ನಾಗಿದಾಳಲ್ಲ, ಇರ್ಲಿ ಬಿಡು’ ಎಂದರು. ಹಿಂದಿನ ಬಾಟಲಿಯ ಚೀಟಿಯಲ್ಲಿ ಅಕ್ಷರಗಳು ಉಲ್ಟಾ ಬಂದಿದ್ದವು, ಅವನ್ನು ಮಾತ್ರ ಸಣ್ಣ ಕುಂಚದಿಂದ ಬಣ್ಣ ಹಚ್ಚಿ ಮುಚ್ಚಿದ್ದರು. ಧೂಳಿನ ಚುಕ್ಕೆಯೊಂದು ಉಳಿದರೂ ಪ್ರಿಂಟು ಹರಿದು ಎಸೆಯುತ್ತಿದ್ದ ಮನುಷ್ಯ ಮಗಳ ಫೋಟೋವನ್ನೇ ತಿರುಗಿಸಿ ಹಾಕಿದರಲ್ಲ ಎಂದು ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆಮೇಲೆ ಅದಕ್ಕೆ ‘ಅಪ್ಪನ ಒಂದೇ ತಪ್ಪು’ ಎಂದೇ ಹೆಸರಾಯಿತು. ಅಪ್ಪ ಹೋದ ಮೇಲೂ ನಾನು ಅದನ್ನು ತೆಗೆದಿಲ್ಲ. ಬಿಸಿಲಿಗೆ ಸ್ವಲ್ಪ ಮಸುಕಾಗಿದೆ, ಅಷ್ಟೆ.

ಪಿಟೀಲು ಆ ಫೋಟೋದ ಕೆಳಗೇ ಬೆಳೆದವಳು. ಶಾಲೆಯಿಂದ ಬಂದರೆ ಚೀಲವನ್ನು ಅದರ ಬುಡದಲ್ಲಿ ಎಸೆದು, ಅಲ್ಲೇ ಕೂತು ಮನೆಪಾಠ ಬರೆಯುತ್ತಿದ್ದಳು. ನಾನು ನಿನಗೆ ಬರೆದಿದ್ದೇನೋ ಇಲ್ಲವೋ, ಅವಳು ಎಡಚಿ. ಬರೆಯುವುದು, ಕತ್ತರಿ ಹಿಡಿಯುವುದು, ಚೆಂಡು ಎಸೆಯುವುದು ಎಲ್ಲ ಎಡಗೈಯಲ್ಲೇ. ಕತ್ತಲೆ ಕೋಣೆಯಲ್ಲಿ ನಮ್ಮಿಬ್ಬರ ಮೊಣಕೈ ಸದಾ ಡಿಕ್ಕಿ. ಅಪ್ಪನ ಕಾಲದಿಂದ ತಟ್ಟೆಗಳು ಎಡದಿಂದ ಬಲಕ್ಕೆ, ಮೊದಲು ಚಿತ್ರ ಮೂಡಿಸುವ ಡೆವಲಪರ್, ಕೊನೆಗೆ ಮೂಡಿದ್ದನ್ನು ಅಳಿಯದಂತೆ ನಿಲ್ಲಿಸುವ ಹೈಪೋ. ಇವಳು ಒಬ್ಬಳೇ ಕೆಲಸ ಮಾಡುವಾಗ ಬಲದಿಂದ ಎಡಕ್ಕೆ ಜೋಡಿಸಿಕೊಳ್ಳುತ್ತಾಳೆ. ಒಮ್ಮೆ ಹಾಗೇ ಬಿಟ್ಟುಹೋಗಿದ್ದಳು. ನಾನು ಅಭ್ಯಾಸಬಲದಿಂದ ಕಾಗದವನ್ನು ನೇರವಾಗಿ ಹೈಪೋದೊಳಗೆ ಮುಳುಗಿಸಿ, ಯಾವುದೋ ಮಗುವಿನ ಮುಖ ಈಗ ಬಂದೀತು ಆಗ ಬಂದೀತು ಎಂದು ಬಗ್ಗಿ ಕೂತೆ. ಹೈಪೋಗೆ ಬಿದ್ದ ಕಾಗದದಲ್ಲಿ ಇನ್ನೇನು ಬರುತ್ತದೆ, ನನ್ನ ಬೋಳುತಲೆಯ ನೆರಳು ಬಂತು. ಅವಳು ಬಾಗಿಲಾಚೆಯಿಂದ ಅದು ಯಾಕೆ ಬರುವುದಿಲ್ಲ ಎಂದು ನಿನ್ನ ಹಾಗೆಯೇ ಪಾಠ ಒಪ್ಪಿಸಿದಳು. ನನಗೆ ಅರ್ಧ ಅರ್ಥವಾಯಿತು. ತನ್ನ ಕಿಟಕಿಯಲ್ಲಿ ಜಾಮಿನ ಬಾಟಲಿಯೊಳಗೆ ದಾರ ಇಳಿಬಿಟ್ಟು ಮೈಲುತುತ್ತದ ಹರಳು ಬೆಳೆಸುತ್ತಿದ್ದಳು. ನೀಲಿ ಹರಳು ದಿನದಿನಕ್ಕೆ ದಪ್ಪವಾಗುವುದನ್ನು ನೋಡಲು ಬೆಳಿಗ್ಗೆ ಎದ್ದವಳು ಹಲ್ಲುಜ್ಜುವ ಮೊದಲು ಅಲ್ಲಿಗೇ ಹೋಗುವುದು. ಯಾವ ವಿಷಯ ಆರಿಸುತ್ತಾಳೆ ಎಂದು ಯಾರೂ ಕೇಳುವ ಅಗತ್ಯವೇ ಇರಲಿಲ್ಲ.

ಹೋದ ವಾರ ಹೊಸ ಮಕ್ಕಳಿಗೆ ಶಾಲೆಯ ಲ್ಯಾಬುಗಳನ್ನು ತೋರಿಸುವ ದಿನ ಇತ್ತು. ಆಸೆಯಿದ್ದವರು ಮುಂದೆ ಬಂದು ಬ್ಯುರೆಟ್ ಹಿಡಿದು ನೋಡಿ ಎಂದರಂತೆ. ಇವಳು ಎಲ್ಲರಿಗಿಂತ ಮುಂದೆ. ನನಗೆ ನೆನಪಿರುವುದು ಇಷ್ಟು: ಉದ್ದನೆಯ ಗಾಜಿನ ಕೊಳವೆ, ಅದರ ತುದಿಗೆ ತಿರುಪು, ಎಡಗೈ ತಿರುಪಿನ ಮೇಲೆ, ಬಲಗೈಯಲ್ಲಿ ಫ್ಲಾಸ್ಕನ್ನು ಕುಲುಕುತ್ತಿರಬೇಕು, ನಸುಗುಲಾಬಿ ಬಣ್ಣ ಬಂದ ಕೂಡಲೇ ಹನಿ ನಿಲ್ಲಿಸಬೇಕು. ಇವಳು ತನ್ನ ಸ್ವಭಾವದಂತೆ ಕೈ ಅದಲುಬದಲು ಮಾಡಿ ನಿಂತಳು. ಮೇಷ್ಟರು ಹಿಡಿದು ಸರಿಯಾಗಿ ನಿಲ್ಲಿಸಿದರು. ಮತ್ತೆ ತಿರುಗಿ ನಿಂತಳು, ಮತ್ತೆ ಸರಿಪಡಿಸಿದರು. ಆ ಗಡಿಬಿಡಿಯಲ್ಲಿ ತಿರುಪು ಪೂರ್ತಿ ತೆರೆದುಕೊಂಡು ಫ್ಲಾಸ್ಕಿನೊಳಗೆಲ್ಲ ಗಾಢ ಗುಲಾಬಿ. ಜೊತೆಯವರು ನಕ್ಕರು. ಮೇಷ್ಟರು ಕೆಟ್ಟವರಲ್ಲ, ಬೆನ್ನು ತಟ್ಟಿಯೇ ಹೇಳಿದರಂತೆ, ‘ಈ ಕೆಲಸ ನಿನ್ನ ಕೈಗೆ ಒಗ್ಗಲ್ಲ ಮರಿ, ಕಂಪ್ಯೂಟರ್ ತಗೋ, ಅಲ್ಲಿ ಯಾವ ಕೈಯಾದ್ರೂ ನಡೆಯತ್ತೆ’ ಎಂದು. ಬೈದಿದ್ದರೆ ಇವಳು ಎದುರು ಮಾತಾಡಿ ಬರುತ್ತಿದ್ದಳು. ಕನಿಕರ ತೋರಿಸಿದ್ದರಿಂದ ಬಾಯಿಗೆ ಬೀಗ ಬಿತ್ತು.

ಮನೆಗೆ ಬಂದವಳು ಅಂಗಡಿಯ ಮುಂದೆಯೇ ನಿಂತಿದ್ದಳು. ನಾನು ಒಬ್ಬ ಗಿರಾಕಿಯ ಗಲ್ಲ ಎತ್ತಿ ಕೂರಿಸುತ್ತಿದ್ದೆ. ‘ಅಪ್ಪ, ಅತ್ತೆನೂ ಎಡಚಿನೇ ಅಲ್ವಾ? ಅವರು ಬ್ಯುರೆಟ್ ಹೇಗೆ ಹಿಡೀತಿದ್ರು?’ ಎಂದು ಕೇಳಿದಳು. ನಾನು ಕ್ಯಾಮೆರಾದಿಂದ ಕಣ್ಣು ತೆಗೆಯದೆ, ‘ಅತ್ತೆ ಎಲ್ಲಿ ಎಡಚಿ, ಆ ಫೋಟೋ ನಿಮ್ಮಜ್ಜ ತಿರುಗಿಸಿ ಪ್ರಿಂಟ್ ಹಾಕಿದ್ದು’ ಎಂದು ನಕ್ಕುಬಿಟ್ಟೆ. ನಮ್ಮ ಹಳೆಯ ತಮಾಷೆಯಲ್ಲವೇ, ಅಭ್ಯಾಸ. ಅವಳಿಗೂ ಗೊತ್ತಿರಬೇಕೆಂದೇ ನಾನು ತಿಳಿದಿದ್ದೆ. ಅವಳು ಗಾಜಿನ ಹತ್ತಿರ ಹೋಗಿ ಕೋಟಿನ ಜೇಬು ನೋಡಿದಳು. ಬಣ್ಣ ಹಚ್ಚಿದ ಬಾಟಲಿ ನೋಡಿದಳು. ಫೋಟೋ ತೆಗೆಯುವವರ ಮಗಳಿಗೆ ಅಷ್ಟು ಸಾಕು. ‘ಹಾಗಾದ್ರೆ ಯಾರೂ ಇಲ್ಲ’ ಎಂದಳು. ನನಗೆ ಆಗ ನಾಲಿಗೆ ಕಚ್ಚಿಕೊಳ್ಳುವಂತಾಯಿತು, ಆದರೆ ಆಡಿ ಆಗಿತ್ತು. ಅಷ್ಟು ವರ್ಷ ಆ ಫೋಟೋದ ಕೆಳಗೆ ಕೂತು ಬರೆಯುತ್ತಿದ್ದ ಹುಡುಗಿಯ ಮನಸ್ಸಿನಲ್ಲಿ ಏನಿತ್ತೆಂದು ನಾನು ಯಾವತ್ತೂ ಕೇಳಿರಲಿಲ್ಲ ಅಕ್ಕಾ.

ಆ ಸಂಜೆಯೇ ಕಂಪ್ಯೂಟರ್ ತಗೋತೀನಿ ಎಂದು ಹೇಳಿದಳು. ನನ್ನವಳಿಗೆ ಮೊದಲಿಂದಲೂ ಅದೇ ಇಷ್ಟ. ಹತ್ತೂ ಬೆರಳು ದುಡಿಯುವ ಕೆಲಸದಲ್ಲಿ ಎಡಬಲದ ಜಗಳವೇ ಇಲ್ಲ ಎಂಬುದು ಅವಳ ವಾದ, ಅದು ಸುಳ್ಳೂ ಅಲ್ಲ. ನಾನೂ ಹೂಂ ಎಂದೆ. ಆದರೆ ಮರುದಿನ ಪಾತ್ರೆ ತೊಳೆಯುವ ಕಡೆ ನೋಡಿದರೆ ಆ ಜಾಮಿನ ಬಾಟಲಿ ತೊಳೆದು ಕವುಚಿಟ್ಟಿತ್ತು. ಹರಳು ಏನಾಯಿತು ಎಂದರೆ, ಕರಗಿಸಿದೆ ಎಂದಳು. ಆ ಬಾಟಲಿಯನ್ನು ನನ್ನವಳೂ ನೋಡಿದಳು. ಕಂಪ್ಯೂಟರ್ ಇಷ್ಟಪಟ್ಟು ತೆಗೆದುಕೊಂಡರೆ ನಾವು ಖುಷಿಯಾಗಿ ಕಳಿಸುತ್ತೇವೆ, ಹೀಗೆ ಸೋತು ತೆಗೆದುಕೊಳ್ಳುವುದು ಬೇಡ ಎಂದು ಅವಳೇ ರಾತ್ರಿ ಊಟಕ್ಕೆ ಕೂತಾಗ ನನ್ನ ಕಿವಿಯಲ್ಲಿ ಹೇಳಿದಳು. ಹೇಳುವುದು ಸುಲಭ. ಮಗಳನ್ನು ಕೂರಿಸಿಕೊಂಡು ಬುದ್ಧಿ ಹೇಳಲು ಹೋದರೆ, ‘ನನಗೇನೂ ಬೇಜಾರಿಲ್ಲಪ್ಪ’ ಎನ್ನುತ್ತಾಳೆ. ಪರವಾಗಿಲ್ಲ ಎನ್ನುವ ನಿನ್ನದೇ ಜಾತಿ.

ಈಗ ಹೇಳುವುದನ್ನು ಸ್ವಲ್ಪ ಕೂತುಕೊಂಡು ಓದು. ಭಾನುವಾರ ಅಮ್ಮ ಹಿತ್ತಲ ಬಾಗಿಲಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಈ ಕತೆಯನ್ನೆಲ್ಲ ಹೇಳಿ, ಅಪ್ಪನ ಒಂದೇ ತಪ್ಪು ಇಷ್ಟು ವರ್ಷದ ಮೇಲೆ ಮೊಮ್ಮಗಳ ತಲೆಗೆ ಬಂತು ನೋಡು ಎಂದೆ. ಅಮ್ಮ ಕೈ ನಿಲ್ಲಿಸಲಿಲ್ಲ. ‘ಅದು ತಪ್ಪಲ್ಲ’ ಎಂದಳು. ಕಿವಿ ಕೇಳಿಸದೆ ಏನೋ ಹೇಳುತ್ತಿದ್ದಾಳೆ ಎಂದುಕೊಂಡು ನಾನು ಜೋರಾಗಿ ಇನ್ನೊಮ್ಮೆ ಹೇಳಿದೆ. ‘ಕೂಗ್ಬೇಡ, ಕೇಳಿಸ್ತು. ಅವಳು ಹುಟ್ಟಿದ್ದೇ ಎಡಚಿಯಾಗಿ. ಕೈ ಬದಲಾಯಿಸಿದ್ದು ನಾನು’ ಎಂದಳು.

ಅಕ್ಕಾ, ನಮ್ಮ ಮೊಲದ ಆಟ ನಿನಗೆ ನೆನಪಿದೆಯೇ? ಮಧ್ಯಾಹ್ನ ನೀನು ಓದಲು ಕೂತಾಗ ನಾನು ಕಾಟ ಕೊಟ್ಟರೆ, ನೀನು ಅಪ್ಪನ ಕಾಲುಚೀಲವೊಂದನ್ನು ನನ್ನ ಎಡಗೈಗೆ ಹಾಕಿ, ‘ಮೊಲ ಮಲಗಿದೆ, ಎಬ್ಬಿಸಬೇಡ’ ಎನ್ನುತ್ತಿದ್ದೆ. ನಾನು ಉಸಿರು ಬಿಗಿಹಿಡಿದು ಆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದೆ. ಎಷ್ಟೋ ಸಲ ಮೊಲಕ್ಕಿಂತ ಮೊದಲು ನಾನೇ ನಿದ್ದೆ ಹೋಗುತ್ತಿದ್ದೆ. ಆ ಆಟವನ್ನು ನಿನಗೆ ಕಲಿಸಿದ್ದು ಯಾರೆಂದು ಕೇಳಿದ್ದಕ್ಕೆ ನೀನು, ‘ಅಮ್ಮ, ನಾನು ಚಿಕ್ಕವಳಿದ್ದಾಗ’ ಎಂದಿದ್ದೆ. ಅಮ್ಮ ಭಾನುವಾರ ಹೇಳಿದ್ದು ಆ ಮೊಲದ ಕತೆಯನ್ನೇ. ನಿನಗೆ ನಾಲ್ಕು ವರ್ಷ, ಶಾಲೆಗೆ ಸೇರಿಸುವ ಮೊದಲು. ಎಡಗೈಯಲ್ಲಿ ಬರೆದರೆ ಗೆಣ್ಣಿಗೆ ಹೊಡೆಯುವ ಟೀಚರಿದ್ದ ಶಾಲೆಯಂತೆ ಅದು. ಪೆಟ್ಟು ತಿನ್ನುವುದಕ್ಕಿಂತ ಮನೆಯಲ್ಲೇ ಕೈ ಬದಲಾಗಲಿ ಎಂದು, ನೀನು ಸ್ಲೇಟು ಹಿಡಿದಾಗಲೆಲ್ಲ ಅಮ್ಮ ನಿನ್ನ ಎಡಗೈಗೆ ಕಾಲುಚೀಲ ಹಾಕಿ, ಮಣಿಕಟ್ಟಿಗೆ ದಾರ ಕಟ್ಟಿ, ಮೊಲ ಮಲಗಿದೆ ಎನ್ನುತ್ತಿದ್ದಳು. ನೀನು ಜಾಣೆ, ಮೊಲವನ್ನು ಎಬ್ಬಿಸಲಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ಬಲಗೈಯಲ್ಲಿ ಅಕ್ಷರ ಬಂತು. ಕಾಲುಚೀಲವನ್ನು ಬಿಚ್ಚಿದ ಮೇಲೂ ಕೆಲವು ದಿನ ನೀನು ಬರೆಯುವಾಗ ಆ ಕೈಯನ್ನು ಲಂಗದ ಕೆಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದೆಯಂತೆ. ಅದನ್ನು ಹೇಳುವಾಗ ಮಾತ್ರ ಅಮ್ಮನ ಕೈ ನಿಂತಿತು.

ಅಪ್ಪನಿಗೆ ಅದು ಸರಿಬರಲಿಲ್ಲವಂತೆ. ಮಗುವಿನ ಕೈ ಕಟ್ಟಬೇಡ ಎಂದು ಒಂದೆರಡು ಸಲ ಅಂದರು, ಹಾಗಾದರೆ ನೀವೇ ಶಾಲೆಗೆ ಹೋಗಿ ಆ ಟೀಚರ ಜೊತೆ ಮಾತಾಡಿ ಬನ್ನಿ ಎಂದಳಂತೆ ಅಮ್ಮ. ಅಪ್ಪ ಹೋಗಲಿಲ್ಲ. ಅಪ್ಪನ ಬಾಯಿ ಎಷ್ಟು ದೊಡ್ಡದೆಂದು ನಮಗೆ ಗೊತ್ತಲ್ಲ, ಗಿರಾಕಿಗೆ ಸ್ವಲ್ಪ ಗಲ್ಲ ಎತ್ತಿ ಎನ್ನಲೂ ಸಂಕೋಚ. ಅದಾಗಿ ಹನ್ನೆರಡು ವರ್ಷದ ಮೇಲೆ ನಿನ್ನ ಫೋಟೋ ಹಗ್ಗದಲ್ಲಿ ಒಣಗುತ್ತಿದ್ದಾಗ ಅಮ್ಮ ನೋಡಿ, ‘ಕೈ ತಿರುಗಿದೆಯಲ್ಲ’ ಎಂದಳಂತೆ. ಅದಕ್ಕೆ ಅಪ್ಪ, ‘ನಾವು ತಿರುಗಿಸಿದ್ದನ್ನ ವಾಪಸ್ ತಿರುಗಿಸಿದೀನಿ ಅಷ್ಟೆ’ ಎಂದರಂತೆ. ಇಬ್ಬರೂ ಮುಂದೆ ಆ ಮಾತೇ ಎತ್ತಲಿಲ್ಲ. ‘ನನಗೆ ದಿನಾ ಚುಚ್ಚಲಿ ಅಂತ ಅಂಗಡಿ ಮುಂದೆ ನಿಲ್ಲಿಸಿದಾರೆ ಅಂತ ಬಹಳ ವರ್ಷ ಅಂದ್ಕೊಂಡಿದ್ದೆ ಕಣೋ, ಆಮೇಲೆ ಗೊತ್ತಾಯ್ತು, ಅವರು ಅದನ್ನ ತಮಗೇ ಅಂತ ಇಟ್ಕೊಂಡಿದ್ದು’ ಎಂದು ಹೇಳಿ ಅಮ್ಮ ಹುರುಳಿಕಾಯಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಹೋದವಳು ಮತ್ತೆ ಬಾಗಿಲಿಗೆ ಬಂದು, ‘ಅವಳಿಗೆ ಬರೆಯೋದಾದ್ರೆ ಬರಿ, ಆದ್ರೆ ನಾನು ಒಂದು ಸಲಾನೂ ಹೊಡೆದಿಲ್ಲ ಅಂತಾನೂ ಬರಿ’ ಎಂದಳು. ಬರೆದಿದ್ದೇನೆ.

ನಾನು ಎದ್ದು ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ಅಪ್ಪ ಪ್ರತಿ ನೆಗೆಟಿವಿನ ಒಂದು ಮೂಲೆಯಲ್ಲಿ ಉಗುರು ಕತ್ತರಿಯಿಂದ ಸಣ್ಣ ಕಚ್ಚು ಹಾಕುತ್ತಿದ್ದರು, ನೆನಪಿದೆಯೇ? ಆ ಕಚ್ಚು ಬಲಗೈ ಹೆಬ್ಬೆರಳಿಗೆ ಸಿಕ್ಕಿದರೆ ನೆಗೆಟಿವ್ ಸರಿಯಾದ ಮಗ್ಗುಲಲ್ಲಿದೆ ಎಂದರ್ಥ. ಕೆಲಸ ಕಲಿಸುವಾಗ ನನಗೆ ಮೊದಲು ಹೇಳಿಕೊಟ್ಟದ್ದೇ ಅದು. ಕಣ್ಣು ಕಟ್ಟಿದರೂ ಆ ಮನುಷ್ಯನಿಗೆ ನೆಗೆಟಿವ್ ಮಗುಚಿ ಹಾಕಲು ಸಾಧ್ಯವಿರಲಿಲ್ಲ. ನಾನು ದಿನವೂ ಆ ಕಚ್ಚು ಮುಟ್ಟುವವನು, ನೀನು ಅಷ್ಟೆಲ್ಲ ಓದಿದವಳು, ಇಬ್ಬರಿಗೂ ಇದು ಒಮ್ಮೆಯೂ ಹೊಳೆಯಲಿಲ್ಲ. ನಮಗೆ ನಗು ಸಿಕ್ಕಿತ್ತು, ಅದನ್ನೇ ಹಿಡಿದುಕೊಂಡೆವು. ಅಪ್ಪ ಎದುರಿಗೇ ಕೂತು ನಮ್ಮ ನಗು ಕೇಳಿಸಿಕೊಂಡು ಕನ್ನಡಕ ಒರೆಸುತ್ತಿದ್ದರಲ್ಲ, ಅದು ನೆನಪಾಗಿ ನನಗೆ ಅಳು ಬಂತು. ಕೆಂಪು ಬೆಳಕಿನಲ್ಲಿ ಯಾರಿಗೂ ಕಾಣುವುದಿಲ್ಲ ಎಂಬ ಧೈರ್ಯದಲ್ಲಿ ಚೆನ್ನಾಗಿಯೇ ಅತ್ತೆ.

ನೀನೇ ಯೋಚನೆ ಮಾಡಿ ನೋಡು. ಇಸ್ಪೀಟು ಹಂಚುವಾಗ ನಿನ್ನ ಎಲೆಗಳು ಯಾವಾಗಲೂ ಉಲ್ಟಾ ದಿಕ್ಕಿಗೆ ಸುತ್ತುತ್ತಿದ್ದವು, ನಾನು ಮೋಸ ಎಂದು ಕೂಗುತ್ತಿದ್ದೆ. ಬೆಂಕಿಕಡ್ಡಿಯನ್ನು ನೀನು ಎಡಗೈಯಲ್ಲೇ ಗೀರುತ್ತಿದ್ದೆ. ಕಾಲೇಜಿನಿಂದ ಬರೆದ ಪತ್ರವೊಂದರಲ್ಲಿ, ಬ್ಯುರೆಟ್ಟಿನ ತಿರುಪಿನ ಮೇಲೆ ಎಲ್ಲರ ಎಡಗೈಯೂ ತಡಬಡಾಯಿಸುತ್ತದೆ, ನನ್ನದಕ್ಕೆ ಮಾತ್ರ ಒಂದು ಹನಿಯನ್ನು ಅರ್ಧ ಮಾಡಲು ಬರುತ್ತದೆ ಎಂದು ಜಂಬ ಕೊಚ್ಚಿದ್ದೆ. ಆ ಕೈ ತನಗೆ ಸಿಕ್ಕಿದ ಅಷ್ಟು ಕೆಲಸವನ್ನು ಎಷ್ಟು ಖುಷಿಯಿಂದ ಮಾಡಿತೋ ಏನೋ.

ಪಿಟೀಲಿಗೆ ಆವತ್ತೇ ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ‘ಮೊನ್ನೆ ಅತ್ತೆ ಎಡಚಿ ಅಲ್ಲ ಅಂದೆ, ಇವತ್ತು ಹೌದು ಅಂತೀಯ. ನನ್ನ ಸಮಾಧಾನಕ್ಕೆ ನೀನೂ ಅಜ್ಜಿನೂ ಸೇರ್ಕೊಂಡು ಕತೆ ಕಟ್ಟಿದೀರ’ ಎಂದಳು. ಕಚ್ಚಿನ ವಿಷಯ ಹೇಳಿದೆ, ನೆಗೆಟಿವ್ ತೋರಿಸು ಎಂದಳು. ಆ ವರ್ಷದ ಪೆಟ್ಟಿಗೆಯನ್ನು ಗೆದ್ದಲು ತಿಂದು ಯಾವ ಕಾಲವಾಯಿತು, ಏನು ತೋರಿಸಲಿ. ಒಂದು ಮಾತು ಮಾತ್ರ ಹೇಳಿದಳು: ‘ಅತ್ತೆ ಹೇಳಿದ್ರೆ ನಂಬ್ತೀನಿ. ಅವರು ಯಾರ ಸಮಾಧಾನಕ್ಕೂ ಸುಳ್ಳು ಹೇಳಲ್ಲ.’ ಚಿಕ್ಕವಳಿದ್ದಾಗ ಅವಳು ಬರೆದು ಕಳಿಸಿದ ಕುದುರೆಯ ಚಿತ್ರಕ್ಕೆ, ‘ಮೇಜು ಚೆನ್ನಾಗಿದೆ’ ಎಂದು ಉತ್ತರ ಬರೆದವಳಲ್ಲವೇ ನೀನು. ಆವತ್ತು ನನ್ನವಳು ನಿನ್ನ ಮೇಲೆ ಮುಖ ಊದಿಸಿಕೊಂಡಿದ್ದಳು. ಈಗ ಅದೇ ಒಳ್ಳೆಯದಾಯಿತು.

ಮೇಲೆ ಕುಟ್ಟುವ ಸದ್ದು ನಿಂತಿದೆ, ಕ್ಲಾಸು ಬಿಟ್ಟಿತು ಎಂದು ಕಾಣುತ್ತದೆ. ನಾಲ್ಕು ಗಂಟೆಯ ಟಪಾಲಿಗೆ ಇದನ್ನು ಹಾಕಬೇಕು. ಹೊರಗೆ ಒಬ್ಬರು ಅರ್ಜಿಯ ಮುಖ ಹೊತ್ತು ಕಾಯುತ್ತಿದ್ದಾರೆ. ಅಮ್ಮ ಆಶೀರ್ವಾದ ಹೇಳಿದ್ದಾಳೆ, ಜೊತೆಗೆ ನೀರು ಕುಡಿ ಎಂದೂ. ನನ್ನವಳು ನೆನಪು ಹೇಳಿದ್ದಾಳೆ. ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ರಜೆ ಸಿಕ್ಕರೆ ಬಂದು ಹೋಗು, ನಿನ್ನ ಫೋಟೋವನ್ನು ನೀನು ಒಮ್ಮೆ ಸರಿಯಾಗಿ ನೋಡಬೇಕು.

ನಿನ್ನ ಪ್ರೀತಿಯ,
ಕಪ್ಪೆಗೆ ಹೆದರಿದ ತಮ್ಮ

ಮುಖ್ಯವಾದದ್ದನ್ನೇ ಬರೆಯದೆ ಲಕೋಟೆಗೆ ಅಂಟು ಹಚ್ಚುತ್ತಿದ್ದೆ. ನನಗೆ ಉತ್ತರ ಬರೆಯದಿದ್ದರೂ ಚಿಂತೆಯಿಲ್ಲ, ಪಿಟೀಲಿಗೆ ಬೇರೆ ಕಾಗದ ಹಾಕು, ತಿಂಗಳು ಮುಗಿಯುವ ಮೊದಲು ತಲುಪಬೇಕು. ರಸಾಯನಶಾಸ್ತ್ರವನ್ನೇ ತಗೋ ಎಂದು ಬರೆಯಬೇಕಿಲ್ಲ, ಅದು ಅವಳ ಇಷ್ಟ. ಎರಡು ಸಾಲಾದರೂ ಸಾಕು, ಆದರೆ ಎಡಗೈಯಲ್ಲಿ ಬರೆ. ಮೊದಲು ಒಬ್ಬ‍ಳೇ ಕೂತು ಪ್ರಯತ್ನಿಸಿ ನೋಡು. ಅಕ್ಷರ ಸೊಟ್ಟಗಾದರೆ ಆಗಲಿ. ಆ ಕೈಗೆ ಏನೂ ನೆನಪಿಲ್ಲ ಎಂದಾದರೆ ನೆನಪಿಲ್ಲ ಎಂದೇ ಬರೆ, ಅವಳಿಗೆ ಸುಳ್ಳು ಬೇಡ. ಅದನ್ನೂ ಆ ಕೈಯಲ್ಲೇ ಬರೆ. ಅಮ್ಮ ನನ್ನ ಹೆಗಲ ಹಿಂದೆಯೇ ನಿಂತಿದ್ದಾಳೆ, ಕನ್ನಡಕವಿಲ್ಲದೆ ಇದನ್ನು ಓದಲು ಅವಳಿಗೆ ಆಗುವುದಿಲ್ಲ, ಆದರೂ ಇಷ್ಟು ಸೇರಿಸು ಎನ್ನುತ್ತಿದ್ದಾಳೆ: ‘ಮೊಲ ಇನ್ನು ಏಳಬಹುದು ಅಂತ ಬರಿ.’